ಫರ್ಸಿಯ ಕೆಳಗೆ

ನಾಲ್ಕು ಇಟ್ಟಿಗೆಯ ಮೇಲೆ ಒಂದು ಶಹಾಬಾದ ಫರ್ಸಿ.
ಅದರಡಿ ಏನೋ ಇಟ್ಟು, ಸುತ್ತ ಗೋಣಿತಟ್ಟು ಇಳಿಬಿಟ್ಟು,
ಗೋಲಿ ನುಸುಳುವಷ್ಟು ಸಂದು ಬಿಟ್ಟು
ರುಕ್ಮುದ್ದೀನ್ ಮಾಸ್ತರರು ಅಂದರು:
"ಎತ್ತಬಾರದು. ಬಗ್ಗಿ ನೋಡಬಾರದು.
ಒಳಗ ಏನದ, ಹೇಳ್ರಿ."

ಶಾಲೆ ಮರತೂರಿನದು, ಕಿಟಕಿಗೆಲ್ಲ ಗಣಿಯ ಧೂಳು.
ಎಂಟನೆಯ ತರಗತಿ, ಮೂವತ್ತೊಂಬತ್ತು ಮಂದಿ.
ಗೋಲಿ ಇದ್ದದ್ದು ಗಂಡುಹುಡುಗರ ಕಿಸೆಯಲ್ಲಿ ಮಾತ್ರ;
ಅವತ್ತು ಮಾಸ್ತರರೇ ಕಸಿದು ಎಲ್ಲರಿಗೂ ಹಂಚಿದರು.
ನನಗೆ ಬಂದದ್ದು ಚನ್ನವೀರನ ಹಸಿರು ಗೋಲಿ.
ಅವನ ಮುಖ ಈಗಲೂ ನೆನಪಿದೆ.

ಬಿಟ್ಟೆವು. ಈ ಕಡೆಯಿಂದ ಹೋದದ್ದು ಆ ಕಡೆ ಬಂತು.
ಬಿಟ್ಟೆವು. ಬಂತು.
ಹೋದಲ್ಲಿ ಸೀಮೆಸುಣ್ಣದ ಒಂದು ಗುರುತು, ಬಂದಲ್ಲಿ ಒಂದು,
ಹಾಳೆಯ ಮೇಲೆ ಎರಡಕ್ಕೂ ನಡುವೆ ನೆಟ್ಟನೆ ಗೆರೆ.
ಇಪ್ಪತ್ತು, ಐವತ್ತು, ನೂರು ಗೆರೆ.
ಬೇಸರ ಬಂದು ಖಾಜಾಬಿ ಅಂದಳು:
"ಒಳಗ ಏನೂ ಇಲ್ರೀ ಸರ್. ಸುಳ್ಳೇ ಆಡಸ್ಲತೀರಿ."

ಮಾಸ್ತರರು ನಗಲಿಲ್ಲ. ನೂರು ವರ್ಷದ ಹಿಂದಿನ ಮಾತು ತೆಗೆದರು:
ಪರಮಾಣುವೆಂದರೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಎಂದು ತಿಳಿದ ಕಾಲ,
ಹಿಟ್ಟೆಲ್ಲ ಒಂದು ಚಾರ್ಜು, ಎಳ್ಳೆಲ್ಲ ಇನ್ನೊಂದು,
ಎಲ್ಲಿ ಮುರಿದರೂ ಒಂದೇ ಹದ.
ಚಿನ್ನವನ್ನು ಬಡಿಬಡಿದು ಉಸಿರಿಗೆ ಹಾರುವಷ್ಟು ತೆಳ್ಳಗೆ ಮಾಡಿ
ಅದಕ್ಕೆ ಗುರಿಯಿಟ್ಟರಂತೆ, ಕಣ್ಣಿಗೆ ಕಾಣದ ಗೋಲಿ.
ಕತ್ತಲಕೋಣೆಯಲ್ಲಿ ಇಬ್ಬರು
ಅರ್ಧ ತಾಸು ಸುಮ್ಮನೆ ಕೂತು, ಕಣ್ಣಿಗೆ ಕತ್ತಲು ರೂಢಿಸಿ,
ಸತುವಿನ ಲೇಪದ ಗಾಜಿನ ಮೇಲೆ
ಮಿನುಗಿ ಆರುವ ಚುಕ್ಕಿ ಎಣಿಸಿದರು,
ದಿನಗಟ್ಟಲೆ, ರೆಪ್ಪೆ ನೋಯುವತನಕ.
"ಹೆಚ್ಚುಕಡಿಮಿ ಎಲ್ಲಾ ದಾಟಿ ಹೋದವು, ನಿಮ್ಮವು ಹೋದಂಗ.
ಎಂಟು ಸಾವಿರದಾಗ ಒಂದು..."

ಅಷ್ಟರಲ್ಲಿ ಠಣ್.

ಬಿಟ್ಟವಳು ನಾನು.
ಹಸಿರು ಗೋಲಿ ತಟ್ಟಿನಡಿಯಿಂದ ವಾಪಸು ಉರುಳಿ
ನನ್ನ ಬರಿಗಾಲಿನ ಹೆಬ್ಬೆರಳಿಗೇ ಬಡಿಯಿತು,
ಒಳಗೆ ಯಾರೋ ಕೂತು, ಬೇಡ ಎಂದಂತೆ.

ಆಮೇಲೆ ಯಾರಿಗೂ ಬೇಸರವಿಲ್ಲ.
ಸಿದ್ರಾಮ ಹೊಟ್ಟೆಯ ಮೇಲೆ ಮಲಗಿ ಗುರಿ ಹಿಡಿದ,
ಗಂಟೆ ಹೊಡೆದರೂ ಏಳಲಿಲ್ಲ.
ಕೆಲವು ಗೋಲಿ ವಾರೆ ಹೊರಳಿ ಬೇರೆಲ್ಲೋ ಹೊರಬಂದವು:
ಅವು ಮೂಲೆ ತಾಗಿದವು, ನಾವೇ ಪತ್ತೆ ಹಚ್ಚಿದೆವು.
ಗಣಿಯಲ್ಲಿ ಮದ್ದು ಹಾರಿ ನೆಲ ಅದುರಿದಾಗ
ಒಂದು ಗೆರೆ ಹೊಡೆದುಹಾಕಬೇಕಾಯಿತು.

ಸಂಜೆ ಅಪ್ಪನಿಗೆ ಹೇಳಿದೆ:
"ಕಲ್ಲು ಅಂದ್ರ ಬರೀ ಖಾಲಿ ಜಾಗಾನೇ, ಅಪ್ಪ.
ನಡಕ ನಡಕ ಇಷ್ಟೇ ಇಷ್ಟು ಗಟ್ಟಿ."
ಅವನು ಎಡಗಾಲು ಮುಂದೆ ಚಾಚಿದ,
ಹೋದ ವರ್ಷ ಫರ್ಸಿ ಬಿದ್ದು ಉಗುರು ಕಳಕೊಂಡ ಬೆರಳು.
"ಇದಕ್ಕ ಹೇಳು."
ಆಮೇಲೆ, ಹಾಗೆ ಅನ್ನಬಾರದಿತ್ತು ಅನಿಸಿತೋ ಏನೋ,
ಅಂಗಳಕ್ಕೆ ಕರೆದು ಎರಡು ಹಾಸುಗಲ್ಲಿಗೆ
ಸುತ್ತಿಗೆಯ ಹಿಂಬದಿ ತಾಗಿಸಿದ.
ಒಂದು ಗಂಟೆಯಂತೆ ನುಡಿಯಿತು,
ಇನ್ನೊಂದು ಒಡಕು ಮಡಕೆಯಂತೆ.
"ಇದರಾಗ ಸೀಳದ. ಹೊರಗ ಕಾಣಲ್ಲ.
ಒಳಗ ನೋಡ್ಲಾಕ ಒಡೀಬೇಕಂತ ಇಲ್ಲ, ಜಗದೇವಿ.
ಬಡಿ. ಸುಮ್ಮನಿರು. ಅದೇ ಹೇಳ್ತದ."

ಮಾಸ್ತರರಿಗೆ ಚಿತ್ತಾಪುರಕ್ಕೆ ವರ್ಗವಾಯಿತು,
ಫರ್ಸಿ ಎತ್ತದೆಯೇ ಹೋದರು.
ಚನ್ನವೀರ ರಾತ್ರಿ ಬಂದು ನೋಡಿದನಂತೆ: ಬೀಸುಕಲ್ಲಿನ ತುಂಡು.
ಖಾಜಾಬಿಯ ಪ್ರಕಾರ ಸಂತೆಯ ತೂಕದ ಕಲ್ಲು.
ಇಬ್ಬರೂ ಆಣೆ ಇಟ್ಟರು.

ನಾನು ಎತ್ತಲಿಲ್ಲ.
ನನ್ನ ಬಳಿ ಆ ಹಾಳೆ ಇದೆ, ಇನ್ನೂರ ಹನ್ನೊಂದು ಗೆರೆ,
ಹೆಚ್ಚಿನವು ನೆಟ್ಟಗೆ, ಕೆಲವು ವಾರೆ, ಮರಳಿದವು ಐದು.
ಅವುಗಳ ಪ್ರಕಾರ ಅದಕ್ಕೆ ಮೂರು ಮೂಲೆ.
ನಾಲ್ಕನೆಯದು ಇದ್ದರೂ ಇದ್ದೀತು;
ಆ ಕಡೆಯಿಂದ ಗೋಲಿ ಬಿಟ್ಟವರಿಲ್ಲ.
ಅಲ್ಲಿ ಗೋಡೆ ಇತ್ತು.